ಅರವತ್ತು ಲಕ್ಷಕ್ಕೂ ಮುರಿಯದ ಸರಳು

ಸರಳು ಮುರಿಯಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ.

ಲೋಹಗಳನ್ನು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಪರೀಕ್ಷಕನ ಕೆಲಸವೆಂದರೆ ಉಕ್ಕನ್ನು ದಣಿಸಿ ದಣಿಸಿ ಮುರಿಯುವುದು. ಉಕ್ಕು ಒಂದು ಏಟಿಗೆ ಜಗ್ಗುವುದಿಲ್ಲ. ಆದರೆ ಸಣ್ಣ ಹೊರೆಯನ್ನೇ ಲಕ್ಷಾಂತರ ಸಲ ಹೇರಿ ಇಳಿಸಿದರೆ ಎಲ್ಲೋ ಕೂದಲೆಳೆಯಂಥ ಬಿರುಕು ಹುಟ್ಟಿ, ಒಂದು ದಿನ ಫಟ್ಟೆಂದು ಎರಡಾಗುತ್ತದೆ. ಯಂತ್ರ ಸೆಕೆಂಡಿಗೆ ಹತ್ತು ಸಲ ಸರಳನ್ನು ಬಾಗಿಸುತ್ತದೆ, ಮೀಟರು ಎಣಿಸುತ್ತದೆ, ಪರೀಕ್ಷಕ ಬರೆದುಕೊಳ್ಳುತ್ತಾನೆ.

ಲಿಫ್ಟ್ ಕಂಪನಿಯೊಂದು ಕಳಿಸಿದ್ದ ಸರಳುಗಳೆಲ್ಲ ಆರು ಲಕ್ಷದ ಆಸುಪಾಸಿನಲ್ಲಿ ಪ್ರಾಣ ಬಿಟ್ಟಿದ್ದವು. ಕೊನೆಯದು ಮಾತ್ರ ಎಂಟನೆಯ ದಿನ ಬೆಳಗ್ಗೆ ಅರವತ್ತು ಲಕ್ಷ ದಾಟಿ, ಈಗಷ್ಟೇ ಮಿಂದು ಬಂದ ಮದುಮಗನಂತೆ ಹೊಳೆಯುತ್ತಿತ್ತು. ಕೋಟಿ ಮುಟ್ಟಿದರೆ ಪಾಸು. ಆಮೇಲೆ ಅಂಥ ಸರಳುಗಳನ್ನು ನಂಬಿ ಜನ ತುಂಬಿದ ಲಿಫ್ಟುಗಳು ತೂಗಾಡುತ್ತವೆ.

ಮುರಿದಾಗಲೆಲ್ಲ ಯಾರೋ ಗುಟ್ಟಾಗಿ ಹೊಸ ಸರಳು ತೂರಿಸುತ್ತಿದ್ದಾರೆ ಎಂದು ಪರೀಕ್ಷಕನಿಗೆ ಖಾತ್ರಿಯಾಯಿತು. ಉಗ್ರಾಣದಲ್ಲಿ ಇನ್ನೆಷ್ಟು ಸರಳು ಉಳಿದಿವೆ ಎಂದು ಕೇಳಿದರೆ, ಸ್ಟೋರ್‌ಕೀಪರ್ ಪುಸ್ತಕದ ಮೇಲೆ ಮೊಣಕೈ ಊರಿ, ಅದು ನಿಮಗ್ಯಾಕೆ ಎಂದು ತಿರುಗಿ ಕೇಳಿದ. ಸರಳುಗಳನ್ನು ಕಡೆದು ಕೊಡುವ ಲೇತ್ ಮೇಸ್ತ್ರಿಯಂತೂ ಬೆಳಗಿನಿಂದ ಎರಡು ಸಲ ಬಂದು, ಇನ್ನೂ ಮುರಿದಿಲ್ಲವೇ ಎಂದು ವಿಚಾರಿಸಿಕೊಂಡು ಹೋಗಿದ್ದ.

ಪರೀಕ್ಷಕ ಊಟ ಬಿಟ್ಟು ಬೀರುವಿನ ಹಿಂದೆ ಅಡಗಿ ಕುಳಿತ. ಸ್ವಲ್ಪ ಹೊತ್ತಿಗೆ ಮೇಸ್ತ್ರಿ ಕಳ್ಳಬೆಕ್ಕಿನಂತೆ ಒಳಬಂದು ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಅಷ್ಟರಲ್ಲಿ ಬೀರುವಿನ ಪಕ್ಕದಲ್ಲಿ ಪರೀಕ್ಷಕನ ಎರಡು ಬೂಟುಗಳು ಅವನ ಕಣ್ಣಿಗೆ ಬಿದ್ದವು.

"ಪೆನ್ನು ಬಿದ್ಹೋಯ್ತು," ಎಂದ ಪರೀಕ್ಷಕ, ತೆವಳಿಕೊಂಡು ಹೊರಬಂದು.

"ನಂದೂ ಅಷ್ಟೇ," ಎಂದ ಮೇಸ್ತ್ರಿ.

ಬೀಳದ ಎರಡು ಪೆನ್ನುಗಳನ್ನು ಇಬ್ಬರೂ ಮಂಡಿಯೂರಿ ಹತ್ತು ನಿಮಿಷ ಹುಡುಕಿದರು.

ಮೇಸ್ತ್ರಿ ಹೋದ ಮೇಲೆ ಪರೀಕ್ಷಕ ಯಂತ್ರ ನಿಲ್ಲಿಸಿ, ಸರಳಿಗೊಂದು ಗುಟ್ಟಿನ ಗುರುತು ಹಾಕಿದ. ನಾಳೆ ಗುರುತು ಕಾಣದಿದ್ದರೆ ಕಳ್ಳ ಸಿಕ್ಕಂತೆ. ಗೀರು ಬಿದ್ದಲ್ಲೇ ಬಿರುಕು ಹುಟ್ಟುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಹೊರೆ ತಾಗದ ತುದಿಯಲ್ಲಿ ಸೂಜಿಯಿಂದ ಒಂದೇ ಗೆರೆ ಎಳೆದ. ಹೊರಗೆ ಹೆಜ್ಜೆ ಸದ್ದಾಯಿತು. ಬೇರೇನೂ ನೋಡದೆ ಅವಸರದಲ್ಲಿ ಯಂತ್ರ ಚಾಲೂ ಮಾಡಿಬಿಟ್ಟ.

ಮೂರೂವರೆಗೆ ಸರಳು ಫಟ್ಟೆಂದಿತು.

ಎಲ್ಲರಿಗಿಂತ ಮೊದಲು ಓಡಿಬಂದವರು ಪ್ರಯೋಗಾಲಯದ ಮುಖ್ಯಸ್ಥರು. ತುಂಡನ್ನು ಬೆಳಕಿಗೆ ಹಿಡಿದು, ಇದರ ಮೇಲೆ ಯಾರೋ ಗೀಚಿದ್ದಾರೆ ಎಂದರು. ಆಮೇಲೆ ಪರೀಕ್ಷಕನನ್ನು ಬದಿಗೆ ಕರೆದರು.

"ಕೆಲಸದಿಂದ ತೆಗೆಯೋ ಆರ್ಡರ್ ಟೈಪ್ ಮಾಡಿಸಿಡ್ತೀನಿ, ಹೆಸರಿನ ಜಾಗ ಖಾಲಿ ಬಿಟ್ಟು. ನಿಮ್ಮೊಬ್ಬರ ಮೇಲೆ ಮಾತ್ರ ನಂಗೆ ಡೌಟಿಲ್ಲ. ಯಾರು ಗೀಚಿದ್ದೂಂತ ಐದು ಗಂಟೆಯೊಳಗೆ ರಿಪೋರ್ಟ್ ಕೊಡಿ."

ಬಾಗಿಲು ಹಾಕಿಕೊಂಡು ಪರೀಕ್ಷಕ ತುಂಡುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಅವನ ಗೆರೆ ಏನೂ ಆಗದೆ ಹಾಗೇ ಇತ್ತು. ಆದರೆ ಅದರ ಪಕ್ಕದಲ್ಲೊಂದು ಚುಕ್ಕೆ, ಇನ್ನೊಂದು ತುದಿಯಲ್ಲಿ ಗುಣಾಕಾರದ ಚಿಹ್ನೆ. ಒಬ್ಬೊಬ್ಬರನ್ನೇ ಕರೆದು ಕೇಳಿದ. ಚುಕ್ಕೆ ಸ್ಟೋರ್‌ಕೀಪರನದು, ಗುಣಾಕಾರ ಮೇಸ್ತ್ರಿಯದು. ಸರಳು ಬದಲಾಯಿಸುತ್ತಿರುವವನು ಪರೀಕ್ಷಕನೇ ಎಂದು ಇಬ್ಬರಿಗೂ ವಾರದಿಂದ ಗುಮಾನಿಯಂತೆ.

ಬಿರುಕು ಹುಟ್ಟಿದ್ದು ಮಾತ್ರ ನಟ್ಟನಡುವಿನ ನಾಲ್ಕನೆಯ ಗೀರಿನಿಂದ. ಆಳವಾಗಿ ಕೊರೆದ ಎರಡಕ್ಷರ, ಕೆಳಗೊಂದು ಬಾಲ. ರಜೆ ಅರ್ಜಿಗಳ ಮೇಲೆ ಹತ್ತು ವರ್ಷದಿಂದ ನೋಡಿದ ಸಹಿ. ಮುಖ್ಯಸ್ಥರದು.

ಪರೀಕ್ಷಕ ಅರ್ಧ ಗಂಟೆ ತಲೆ ಹಿಡಿದು ಕೂತ. ನಿಜ ಬರೆದರೆ ನಾಳೆಯಿಂದ ಕೆಲಸವಿಲ್ಲ, ಬೇರೆಯವರ ಹೆಸರು ಬರೆಯಲು ಮನಸ್ಸು ಬಾರದು. ಕಡೆಗೆ ಯಾರ ತಂಟೆಯೂ ಬೇಡವೆಂದು ಒಂದೇ ಸಾಲು ಬರೆದ: "ಕಾರಣ: ಲೋಹದ ಸಹಜ ದಣಿವು. ಯಾವ ಗುರುತೂ ಕಂಡುಬಂದಿಲ್ಲ."

ಮುಖ್ಯಸ್ಥರು ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಅವನ ಮುಖವನ್ನೇ ನೋಡಿದರು.

"ಸರಳು ಬದಲಾಯಿಸೋ ಕಳ್ಳನನ್ನ ಹಿಡಿಯೋಕೇಂತ ಬೆಳಗ್ಗೆ ನನ್ನ ಸಹಿ ಅಷ್ಟು ದೊಡ್ಡದಾಗಿ ಕೊರೆದಿದ್ದೆ, ಅದೂ ನಿಮಗೆ ಕಾಣ್ಲಿಲ್ಲ?"

ರಿಪೋರ್ಟನ್ನು ವಾಪಸು ಪಡೆಯಲು ಪರೀಕ್ಷಕ ಕೈ ಚಾಚಿದ. ಮುಖ್ಯಸ್ಥರು ಕೊಡಲಿಲ್ಲ.

"ಇಷ್ಟು ನೀಟಾಗಿ ಸುಳ್ಳು ಬರೆಯೋರು ಸರಳನ್ನೂ ಇಷ್ಟೇ ನೀಟಾಗಿ ಬದಲಾಯಿಸಿರಬೇಕು. ಸುಮ್ಮನೆ ಬೇರೆಯವರ ಮೇಲೆಲ್ಲ ಡೌಟ್ ಪಟ್ಟೆ," ಎಂದು ನಿಟ್ಟುಸಿರುಬಿಟ್ಟ ಮುಖ್ಯಸ್ಥರು, ಖಾಲಿ ಜಾಗದ ಆ ಆರ್ಡರನ್ನು ಹತ್ತಿರಕ್ಕೆಳೆದುಕೊಂಡು, ಪೆನ್ನಿನ ಕ್ಯಾಪು ತೆಗೆದು, ಅವನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಕೇಳಿದರು.