ಲಾಂಗ್‌ಜಂಪ್ ಗುಂಡಿಯಲ್ಲಿ ನಾನು ಮಾಡಿದ ಕಣ

ಕಣ ಮಾಡುವ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಗಂಡಸು ಹುಲ್ಲಹಳ್ಳಿ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಮಾಹಿತಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊಲಕ್ಕೆ ಇಳಿದವನು ನಾನು. ಮಣ್ಣು ಹದ ಮಾಡಿ, ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಮೇಲೆ ಸಗಣಿ ಸಾರಿಸಿದೆನೆಂದರೆ, ಆ ಕಣದ ಮೇಲೆ ಬಿದ್ದ ರಾಗಿ ಕಾಳು ಒಂದು ಸಲ ಪುಟಿದು ಆಮೇಲೆ ಕೂರುತ್ತಿತ್ತು. ಅಷ್ಟು ಗಟ್ಟಿ!

ಆದರೆ ಈಗ ಕಟಾವಿಗೆ ಮೆಷಿನ್ನು ಬರುತ್ತದೆ. ಕಾಳು ಒಣಗಿಸಲು ಡಾಂಬರು ರಸ್ತೆ ಇದೆ. 'ಮಾದಪ್ಪಾ, ಬಂದು ಒಂದು ಕಣ ಮಾಡಿಕೊಡು' ಎಂದು ಕರೆಯುವವರೇ ಇಲ್ಲ. ಕೈಯಲ್ಲಿ ವಿದ್ಯೆ ಇದೆ, ಕೇಳುವವರಿಲ್ಲ. ಹೀಗೆ ಕೈ ಕಡಿಯುತ್ತಾ ಕೂತಿದ್ದ ಹೊತ್ತಿನಲ್ಲಿ ಮಗಳು ಚೈತ್ರ ಫೋನು ಮಾಡಿದಳು.

ಚೈತ್ರ ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಇರುವ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಎಂ.ಕಾಂ. ಓದುತ್ತಾಳೆ. ಹಾಸ್ಟೆಲ್ ವಾಸ. ಓದಿನ ಜೊತೆಗೆ ಲಾಂಗ್‌ಜಂಪು. ಚಿಕ್ಕವಳಿದ್ದಾಗ ನಮ್ಮ ಗದ್ದೆ ಪಕ್ಕದ ಕಾಲುವೆಯನ್ನು ಪುಸ್ತಕದ ಚೀಲದ ಸಮೇತ ಹಾರುತ್ತಿದ್ದವಳು. ಆದ್ದರಿಂದ ಲಾಂಗ್‌ಜಂಪ್ ಎಂದರೆ ಕಾಲುವೆ ಹಾರುವುದು ಎಂದೇ ನಾನು ತಿಳಿದಿದ್ದೆ. ಅಷ್ಟು ದೊಡ್ಡ ಕ್ಯಾಂಪಸ್ಸಿನವರು ಒಂದು ಕಾಲುವೆ ಇಟ್ಟುಕೊಂಡಿರುವುದಿಲ್ಲವೇ?

"ಅಪ್ಪಾ, ಸೋಮವಾರ ನಮ್ಮ ಗ್ರೌಂಡಲ್ಲೇ ಸೆಲೆಕ್ಷನ್ನು. ಮೈಸೂರಿಂದ ಸೆಲೆಕ್ಟರ್ ಬತ್ತಾರೆ. ಚೆನ್ನಾಗಿ ಜಂಪ್ ಮಾಡುದ್ರೆ ಯೂನಿವರ್ಸಿಟಿ ಟೀಮು. ನಂದು ಕೊನೇ ವರ್ಷ ಕಣಪ್ಪ, ಇದು ಬುಟ್ರೆ ಇನ್ನೊಂದು ಚಾನ್ಸಿಲ್ಲ. ಆದ್ರೆ ಗ್ರೌಂಡ್ ತುಂಬಾ ಕಳೆ ಬೆಳ್ದದೆ. ನಮ್ಮ ಮೇಷ್ಟ್ರು ಟ್ರ್ಯಾಕ್ಟರ್ ಉಡುಕ್ತಾವ್ರೆ" ಅಂದಳು.

"ಉಡುಕೋದ್ಯಾಕವ್ವ? ನಿಮ್ಮಪ್ಪನ ಟ್ರ್ಯಾಕ್ಟ್ರು ಏನು ತುಕ್ಕು ಇಡ್ದದಾ?" ಎಂದೆ.

ಅವಳ ಕ್ರೀಡಾ ಮೇಷ್ಟ್ರು ತಾವೇ ಫೋನು ತೆಗೆದುಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದರು. "ಯಜಮಾನ್ರೇ, ಭಾನುವಾರ ಬಂದು ಕಳೆ ತೆಗೆದು, ಕಬಡ್ಡಿ ಕೋರ್ಟ್ ಮಟ್ಟ ಮಾಡಿಕೊಟ್ರೆ ಸಾಕು. ನಾನು ಒಂದು ಮದುವೆಗೆ ಹೋಗ್ತಿದ್ದೀನಿ, ಅಲ್ಲಿರೋದಿಲ್ಲ. ಬೇರೆ ಏನೂ ಮಾಡೋದು ಬೇಡಿ."

ಈ ಕೊನೆಯ ಮಾತನ್ನು ನಾನು ಅರ್ಥ ಮಾಡಿಕೊಂಡ ರೀತಿಯೇ ಮುಂದಿನ ಎಲ್ಲಕ್ಕೂ ಮೂಲ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು 'ಸಾಕು, ಬೇಡಿ ಬೇಡಿ' ಎಂದರೆ ಇನ್ನೊಂದು ಮುದ್ದೆ ಹಾಕಬೇಕು. ಹಾಕದಿದ್ದರೆ ಅವಮಾನ. ಮೇಷ್ಟ್ರ ಮಾತನ್ನೂ ಅದೇ ಲೆಕ್ಕಕ್ಕೆ ಸೇರಿಸಿದೆ!

ಭಾನುವಾರ ಟ್ರೈಲರಿನಲ್ಲಿ ಕಳೆ ಕೀಳುವ ಕಲ್ಟಿವೇಟರ್, ಹಾರೆ, ಗುದ್ದಲಿ, ಮಣ್ಣು ಹೊರುವ ಮಂಕರಿ ಮತ್ತು ನನ್ನ ಹೆಂಡತಿ ನಾಗಮ್ಮ. ಮಗಳು ಓದುವ ಜಾಗ ನೋಡಬೇಕೆಂದು ಅವಳೇ ಹಟ ಹಿಡಿದು ಬಂದಿದ್ದಳು. ಹೋಗಿ ನೋಡಿದರೆ ಮಗಳು ಗೆಳತಿಯರ ಜೊತೆ ನಂಜನಗೂಡಿಗೆ, ದೇವರಿಗೆ ಕೈಮುಗಿಯಲು ಹೋಗಿದ್ದಳು. ಗ್ರೌಂಡಿನಲ್ಲಿ ಇದ್ದವನು ಕವಲಂದೆ ಕಡೆಯ ವಾಚ್‌ಮನ್ ಒಬ್ಬನೇ.

ಕಳೆ ತೆಗೆದೆ. ಕಬಡ್ಡಿ ಕೋರ್ಟನ್ನು ತಟ್ಟೆಯ ಹಾಗೆ ಮಟ್ಟ ಮಾಡಿದೆ. ಹೊತ್ತು ಇನ್ನೂ ನೆತ್ತಿಗೇ ಬಂದಿರಲಿಲ್ಲ. ಆಗ ಕಣ್ಣಿಗೆ ಬಿತ್ತು ಅದು.

ಗ್ರೌಂಡಿನ ಅಂಚಿನಲ್ಲಿ ಉದ್ದಕ್ಕೆ ಒಂದು ಗುಂಡಿ. ಸುತ್ತ ಇಟ್ಟಿಗೆಯ ಅಂಚು. ಒಳಗೆ ಬರೀ ಸಡಿಲ ಮರಳು, ಮರಳಿನ ಮೇಲೆ ಎರಡು ನಾಯಿಗಳ ನಿದ್ದೆ. ಪಕ್ಕದಲ್ಲೇ ದೊಡ್ಡ ಕಬ್ಬಿಣದ ಉರುಳೆ. ನನಗೆ ತಕ್ಷಣ ಹೊಳೆಯಿತು. ಯಾರೋ ಪುಣ್ಯಾತ್ಮ ಕಣ ಮಾಡಲು ಶುರು ಮಾಡಿ, ರೋಣಗಲ್ಲಿನ ಬದಲು ಕಬ್ಬಿಣದ್ದನ್ನೇ ತಂದಿಟ್ಟು, ವಿದ್ಯೆ ಸಾಲದೆ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ!

"ಇದೇನಪ್ಪಾ ಇದು?" ಎಂದು ವಾಚ್‌ಮನ್‌ನನ್ನು ಕೇಳಿದೆ.

"ನಂಗೇನ್ ಗೊತ್ತು ಸಾ, ಓದ ವಾರ ಸೇರ್ಕಂಡಿವ್ನಿ. ನಾನು ಗೇಟು ಕಾಯೋನು. ನಾಯಿಗೋಳು ಮಲಗ್ತವೆ."

ನಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಏನ್ರೀ, ಕಣ ಅಂದ್ರೆ ದುಂಡುಗಿರ್ತದೆ. ಇದು ಯಾರ್ನೋ ಊಣಕ್ಕೆ ತೋಡ್ದಂಗದೆ. ಸುಮ್ನೆ ಬಂದ ಕೆಲ್ಸ ಮಾಡ್ಕಂಡು ಓಗಣ ನಡೀರಿ."

"ಇವರಿಗೆ ಜಾಗ ಕಮ್ಮಿ ಕಣೆ. ಓದಿದೋರ ಕಣ ಇಂಗೇ ಇರ್ತದೆ" ಎಂದು ನಾನು ಪಂಚೆ ಮೇಲೆ ಕಟ್ಟಿದೆ.

ಆ ದಿನ ನಾನು ಮಾಡಿದ ಕೆಲಸವನ್ನು ಈಗ ನೆನೆದರೂ ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಹೆಮ್ಮೆ. ಮರಳನ್ನೆಲ್ಲ ಎತ್ತಿ ದೂರದ ಮರದ ಬುಡಕ್ಕೆ ಸಾಗಿಸಿದೆ. ಗೋಡೆಯಾಚೆಯ ರೈತನನ್ನು ಕೇಳಿ ಕೆಮ್ಮಣ್ಣು ತಂದು ತುಂಬಿದೆ. ನೀರು ಹೊಡೆದೆ. ಮಟ್ಟ ಮಾಡಲು ಒಂದು ಹಲಗೆ ಬೇಕಿತ್ತು. ಗುಂಡಿಯಿಂದ ಸ್ವಲ್ಪ ಈಚೆಗೆ ಯಾರೋ ಬಿಳಿ ಬಣ್ಣ ಬಳಿದ ಒಳ್ಳೇ ಹಲಗೆಯೊಂದನ್ನು ನೆಲದಲ್ಲಿ ಹೂತು ಹಾಳುಮಾಡಿದ್ದರು. ಅದನ್ನು ಹಾರೆಯಿಂದ ಎಬ್ಬಿಸಿದೆ. ಎಂಥ ಹಲಗೆ! ಆಮೇಲೆ ಉರುಳೆ ಹಿಡಿದು ಎಳೆದೆ. ಮತ್ತೆ ನೀರು, ಮತ್ತೆ ಉರುಳೆ. ವಾಚ್‌ಮನ್ನೂ ಉತ್ಸಾಹಕ್ಕೆ ಬಿದ್ದು ಹಿಂದಿನಿಂದ ತಳ್ಳಿದ. ಕೊನೆಗೆ ನಾಗಮ್ಮನೇ ಮನಸ್ಸು ಕರಗಿ, ಅದೇ ರೈತನ ಕೊಟ್ಟಿಗೆಯಿಂದ ಸಗಣಿ ತಂದು ಸಾರಿಸಿದಳು. ನಡುವೆ ಸಗಣಿಯ ಬೆನಕ ಮಾಡಿ ಗರಿಕೆ ಸಿಕ್ಕಿಸಿದಳು.

ಬಿಸಿಲು ಇಳಿಯುವ ಹೊತ್ತಿಗೆ ಅದು ಒಣಗಿ ಕನ್ನಡಿಯಂತಾಗಿತ್ತು. ಹಿಮ್ಮಡಿಯಿಂದ ಗುದ್ದಿದೆ. ಠಣ್ ಎಂದಿತು! ಹಿಮ್ಮಡಿ ನೋಯಿತು. ಕಣಕ್ಕೆ ಏನೂ ಆಗಲಿಲ್ಲ. ಇಂಥ ಕಣ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲ ಮೇಲೆ ಜರಿ ಟವೆಲ್ಲು ಹಾಕಿ, ಹೆಂಡತಿಯ ಸಮೇತ ಅದೇ ಟ್ರ್ಯಾಕ್ಟರಿನಲ್ಲಿ ಕ್ಯಾಂಪಸ್ಸಿಗೆ ದಯಮಾಡಿಸಿದೆ. ಒಂದು ಕಡೆ ವಾಲಿಬಾಲು, ಒಂದು ಕಡೆ ಬ್ಯಾಡ್ಮಿಂಟನ್ನು, ಕಬಡ್ಡಿ ಹುಡುಗಿಯರ ಕೂಗು, ಮೈಕಿನಲ್ಲಿ ಹಾಡು. ಜಾತ್ರೆ ಕಳೆ! ಆದರೆ ನನ್ನ ಕಣದ ಸುತ್ತ ಮಾತ್ರ ಜನ ತುಂಬಿ ತುಳುಕುತ್ತಿದ್ದರು. ನಡುವೆ ಕ್ರೀಡಾ ಮೇಷ್ಟ್ರು ತಲೆ ಮೇಲೆ ಕೈಯಿಟ್ಟು ನಿಂತಿದ್ದರು. ಬೆರಗಾಗಿದ್ದಾರೆ ಎಂದುಕೊಂಡೆ.

"ಯಾರ್ರೀ ಇದನ್ನ ಮಾಡ್ದೋರು?" ಎಂದು ಮೇಷ್ಟ್ರು ಕೂಗಿದರು.

ನಾನು ಕೈ ಎತ್ತಿದೆ. ಹಾರ ಹಾಕುತ್ತಾರೇನೋ ಎಂದು ಟವೆಲ್ಲನ್ನೂ ತೆಗೆದು ಹಿಡಿದುಕೊಂಡೆ. "ನಾನೇ ಸಾ! ಏನೂ ಕೊಡಾದು ಬ್ಯಾಡಿ. ನಮ್ಮ ಮಗಳ ಕಾಲೇಜು ಅಂತ ಪ್ರೀತಿಯಿಂದ ಮಾಡಿವ್ನಿ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಆಟದ ಬಟ್ಟೆ ತೊಟ್ಟ ಚೈತ್ರ ಗುಂಪು ಸೀಳಿಕೊಂಡು ಬಂದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅಪ್ಪಾ, ಇದು ಲಾಂಗ್‌ಜಂಪ್ ಪಿಟ್ಟು. ಆ ಮರಳಿನ ಮೇಲೆ ನಾನು ಬೀಳ್ಬೇಕು."

"ಬೀಳೋದ್ಯಾಕವ್ವ? ನೆಟ್ಟಗೆ ನಿಂತ್ಕೊ!"

"ಓಡ್ಬಂದು ಆರುದ್ರೆ ಬೀಳ್ಲೇಬೇಕಪ್ಪ! ಇದ್ರ ಮೇಲೆ ಬಿದ್ರೆ ಕಾಲು ಮುರೀತದೆ!"

ಕಾಲುವೆ ಎಲ್ಲಿ ಎಂದು ಕೇಳಬೇಕೆಂದಿದ್ದವನು ಕೇಳಲಿಲ್ಲ. ಮೇಷ್ಟ್ರು ತಗ್ಗಿದ ದನಿಯಲ್ಲಿ ವಿಷಯ ಬಿಡಿಸಿ ಹೇಳಿದರು. ಸೆಲೆಕ್ಟರ್ ಮಧ್ಯಾಹ್ನದ ಊಟಕ್ಕೆ ಹೊರಟುಬಿಡುತ್ತಾರೆ. ಅಷ್ಟರೊಳಗೆ ಗುಂಡಿ ಸರಿಯಾಗದಿದ್ದರೆ ಲಾಂಗ್‌ಜಂಪ್ ರದ್ದು. ರದ್ದಾದರೆ ನಮ್ಮ ಚೈತ್ರನ ಹೆಸರು ಟೀಮಿಗೆ ಹೋಗುವ ಮಾತೇ ಇಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಬಗ್ಗಿ ನನ್ನ ಕಣವನ್ನು ಬೆರಳಿನಿಂದ ಕುಟ್ಟಿ ನೋಡಿದಳು.

"ಒಂದು ಗಳಿಗೆ ತಡೀರಿ ಸಾ! ಮಾಡ್ದೋನಿಗೆ ಕೆಡವಾಕೆ ಬರಾಕಿಲ್ವಾ?" ಎಂದು ಹಾರೆ ಎತ್ತಿ ಹಾಕಿದೆ.

ಹಾರೆ ಪುಟಿಯಿತು! ಇನ್ನೊಮ್ಮೆ ಹಾಕಿದೆ. ಹಾರೆಯ ಗುರುತು ಬಿದ್ದಿದ್ದು ನನ್ನ ಅಂಗೈಗೆ, ಕಣಕ್ಕಲ್ಲ. ಮನುಷ್ಯ ತಕ್ಕಮಟ್ಟಿಗೆ ಕೆಟ್ಟ ಕೆಲಸಗಾರನಾಗಿರಬೇಕು ಎಂದು ಆಗ ಮೊದಲ ಸಲ ಅನ್ನಿಸಿತು.

ಟ್ರ್ಯಾಕ್ಟರು ತಂದೆ. ಟ್ರೈಲರ್ ಬಿಚ್ಚಿ, ಅದರಲ್ಲೇ ಇದ್ದ ಕಲ್ಟಿವೇಟರನ್ನು ಹಿಂದೆ ಸಿಕ್ಕಿಸಿ, ಹಿಮ್ಮುಖವಾಗಿ ಗುಂಡಿಯತ್ತ ಬಿಟ್ಟೆ. ಮೇಷ್ಟ್ರು "ಇಟ್ಟಿಗೆ! ಇಟ್ಟಿಗೆ!" ಎಂದರು. ಇಂಜಿನ್ ಸದ್ದಿನಲ್ಲಿ ನನಗೆ ಅವರ ಕೈ ಮಾತ್ರ ಕಂಡಿತು. 'ಬನ್ನಿ ಬನ್ನಿ' ಅನ್ನುತ್ತಿದ್ದಾರೆಂದು ಬಂದೆ. ಒಂದು ಬದಿಯ ಇಟ್ಟಿಗೆ ಅಂಚು ಸಾಲಾಗಿ ಶರಣಾಯಿತು. ಕಣ ಮಾತ್ರ ಹಾಗೇ ಇತ್ತು!

"ಇಳೀರ್ರೀ ಕೆಳುಕ್ಕೆ!" ನಾಗಮ್ಮನ ಗಂಟಲು ಮೈಕಿಗಿಂತ ಜೋರಾಗಿತ್ತು. "ಗಟ್ಟಿ ಮಾಡಾಕೆ ಗೊತ್ತು, ಮೆತ್ತಗೆ ಮಾಡಾಕೆ ಗೊತ್ತಿಲ್ಲ ಈ ಗಂಡ್ಸಿಗೆ. ಅಕ್ಕಿ ನೆನಾಕಲ್ವಾ ದೋಸೆಗೆ? ಅಂಗೇ ನೀರು ಬುಡಿ, ನೆನೀಲಿ. ಏ ಮಕ್ಳಾ, ಪೈಪು ಎಳ್ಕಬನ್ರವ್ವಾ!"

ಅವಳು ಬೆನಕನಿಗೆ ಕೈಮುಗಿದು, ಎತ್ತಿ ಮರದ ಕೆಳಗೆ ಕೂರಿಸಿದಳು. ಕಬಡ್ಡಿ ಹುಡುಗಿಯರು ಪೈಪು ತಂದರು. ಮಣ್ಣು ನೀರು ಕುಡಿದು ಬಾಯಿ ಬಿಟ್ಟ ಮೇಲೆ ಗುದ್ದಲಿ ಹಿಡಿಯಿತು. ಆಮೇಲೆ ನೋಡಬೇಕಿತ್ತು! ವಾಲಿಬಾಲ್ ಹುಡುಗರು ಅಗೆದರು. ಕ್ರಿಕೆಟ್ಟಿನವರು ಮಂಕರಿ ಹೊತ್ತರು. ಚೆಸ್ ಆಡುವ ಕನ್ನಡಕದ ಹುಡುಗನೊಬ್ಬ ಎಲ್ಲಿ ನಿಂತರೆ ಅಡ್ಡಿಯಾಗುವುದಿಲ್ಲ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಅಲ್ಲೇ ನಿಂತ. ಮರದ ಬುಡದ ಮರಳನ್ನು ನಾನು ಟ್ರೈಲರಿಗೆ ತುಂಬಿ ತಂದು ಸುರಿದೆ. ಮೇಷ್ಟ್ರೇ ಪ್ಯಾಂಟು ಮಡಚಿ ಹರಡಿದರು. ಒಬ್ಬರೂ ನನ್ನನ್ನು ಬೈಯಲಿಲ್ಲ. ಬೈಯಲು ಉಸಿರು ಬೇಕಲ್ಲ!

"ಟೇಕಾಫ್ ಬೋರ್ಡ್ ಎಲ್ಲಿ?" ಎಂದರು ಮೇಷ್ಟ್ರು ಇದ್ದಕ್ಕಿದ್ದಂತೆ. "ಕಾಲೂರಿ ಹಾರೋ ಬಿಳಿ ಹಲಗೆ ರೀ!"

ನಾನು ನಾಗಮ್ಮನ ಮುಖ ನೋಡಿದೆ. ನಾಗಮ್ಮ ನನ್ನ ಮುಖ ನೋಡಿದಳು. ಹಿಂದಿನ ಸಂಜೆ ಟ್ರೈಲರಿನಲ್ಲಿ ಕೂರಲು ಚೆನ್ನಾಗಿದೆಯೆಂದು ಅವಳು ಆ ಹಲಗೆಯನ್ನು ಮನೆಗೆ ಒಯ್ದಿದ್ದಳು. ಪುಣ್ಯಕ್ಕೆ ಬೆಳಿಗ್ಗೆ ಬರುವಾಗಲೂ ಅದರ ಮೇಲೆಯೇ ಕೂತು ಬಂದಿದ್ದಳು! ಹೋಗಿ ತಂದು, ಸೆರಗಿನಿಂದ ಒರೆಸಿ, ಏನೂ ಅರಿಯದವಳಂತೆ ಮೇಷ್ಟ್ರ ಕೈಗಿಟ್ಟಳು.

ಸೆಲೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಾ ಎದ್ದು ನಿಂತಿದ್ದರು. "ಕಾಲ ಮಿಂಚಿತಲ್ಲ ಮೇಷ್ಟ್ರೇ" ಎಂದರು. ಆಮೇಲೆ ಕೆಸರಲ್ಲಿ ಮಿಂದಿದ್ದ ಆ ಮಕ್ಕಳನ್ನೂ ಬೆವರು ಸುರಿಸುತ್ತಿದ್ದ ನನ್ನನ್ನೂ ನೋಡಿ, "ಸರಿ, ಊಟ ಆಮೇಲೆ ಮಾಡೋಣ" ಎಂದು ಮತ್ತೆ ಕೂತರು.

ಚೈತ್ರನ ಸರದಿ ಬಂತು. ಒಬ್ಬೊಬ್ಬರಿಗೆ ಮೂರು ಅವಕಾಶ. ಮೊದಲ ಸಲ ಹಲಗೆ ದಾಟಿ ಕಾಲಿಟ್ಟಳು, ಲೆಕ್ಕಕ್ಕಿಲ್ಲವೆಂದು ಕೆಂಪು ಬಾವುಟ. ಎರಡನೇ ಸಲ ಹಾರಿದಳು, ಆದರೆ ಒದ್ದೆ ಮರಳಿಗೆ ಹೆದರಿ ಕಾಲು ಮುದುಡಿದಳು. ಸೆಲೆಕ್ಟರ್ ತಲೆಯಾಡಿಸಿದರು, ಅಡ್ಡಡ್ಡಕ್ಕೆ. ಉಳಿದದ್ದು ಒಂದೇ. ಅವಳು ಓಟದ ತುದಿಗೆ ನಡೆದು ಹೋಗುವಾಗ ನನ್ನ ಪಕ್ಕ ನಿಂತಳು.

"ಅಪ್ಪಾ, ಮರಳು ಮೆತ್ತಗದಾ?"

"ಬೆಣ್ಣೆ ಆಗದೆ ಕಣವ್ವ. ನಾನೇ ಕೈಯಾಕಿ ನೋಡಿವ್ನಿ. ಎದುರ್ಬ್ಯಾಡ, ಓಗು."

ಓಡಿ ಬಂದಳು. ಹಲಗೆಯ ಮೇಲೆ ಕಾಲು ಬಿದ್ದ ಸದ್ದು ಕೇಳಿಸಿತು. ನಾಗಮ್ಮ ನನ್ನ ತೋಳು ಹಿಸುಕಿದ್ದೂ ತಿಳಿಯಲಿಲ್ಲ. ಮಗಳು ಅಷ್ಟು ದೂರದಲ್ಲಿ, ಮರಳಿನಲ್ಲಿ ಮೊಣಕಾಲಿನವರೆಗೂ ಹೂತುಕೊಂಡು, ಸಗಣಿ ವಾಸನೆಯ ನಡುವೆ ನಗುತ್ತಿದ್ದಳು. ಟೇಪು ಹಿಡಿದ ಮೇಷ್ಟ್ರು ಒಮ್ಮೆ ಅಳೆದು, ನಂಬದೆ ಇನ್ನೊಮ್ಮೆ ಅಳೆದರು. ಸೆಲೆಕ್ಟರ್ ಈ ಸಲ ತಲೆಯಾಡಿಸಿದ್ದು ಮೇಲಕ್ಕೂ ಕೆಳಕ್ಕೂ!

ಅಗೆದ ಮಕ್ಕಳೆಲ್ಲ ತಾವೇ ಹಾರಿದಂತೆ ಕುಣಿದರು. ನಾನೂ ಕುಣಿಯುತ್ತಿದ್ದೆ, ಆದರೆ ಕಾಲಿಗೆ ಇಟ್ಟಿಗೆ ತಾಗಿತು. ಮುರಿದ ಇಟ್ಟಿಗೆಗಳನ್ನು ಕಟ್ಟಿಕೊಡುತ್ತೇನೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಎರಡೂ ಕೈ ಜೋಡಿಸಿ, "ಬೇಡಿ ಯಜಮಾನ್ರೇ" ಎಂದರು. ಇದು ಪಂಕ್ತಿಯ 'ಬೇಡ' ಅಲ್ಲವೆಂದು ಈ ಸಲ ನನಗೂ ತಿಳಿಯಿತು.

ಟೀಮಿನ ಆಟ ಮುಂದಿನ ತಿಂಗಳು ದೂರದ ಊರಿನಲ್ಲಂತೆ. ಟ್ರ್ಯಾಕ್ಟರ್ ಹತ್ತುವ ಮುಂಚೆ ಚೈತ್ರನನ್ನು ಕೇಳಿದೆ, "ನಾನೂ ನೋಡಾಕೆ ಬರ್ಲಾ ಕಣವ್ವಾ?"

ಅವಳು ನನ್ನ ಪಂಚೆಯ ಕೆಸರು ಕೊಡವುತ್ತಾ ನಕ್ಕಳು. "ಬಾ ಅಪ್ಪಾ, ಕಂಡಿತಾ ಬಾ. ಆದ್ರೆ ಬಸ್ಸಲ್ಲಿ ಬಾ."

ಬಸ್ಸಿನಲ್ಲೇ ಹೋಗುತ್ತೇನೆ. ಹಾರೆ, ಗುದ್ದಲಿ ಒಯ್ಯುವುದಿಲ್ಲ. ಮುಂದಿನ ಸಾಲಿನಲ್ಲಿ, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು, ಅವುಗಳ ಮೇಲೆ ಗಟ್ಟಿಯಾಗಿ ಕೂರುತ್ತೇನೆ.