ಪ್ಲೇಟಿಗೆ ಬಿಸಿಲು ಬೇಕ್ರಿ

ಕರೆಂಟ್ ಕಂಬ ಮುಟ್ಟದ ಜಾಗಗಳಿಗೆ ಸೋಲಾರ್ ಲೈಟು ಹಾಕುವುದು ನನ್ನ ಕೆಲಸ. ಹೊಸಪೇಟೆಯಿಂದ ಬೈಕಿನ ಹಿಂದೆ ಸೋಲಾರ್ ಪ್ಲೇಟು ಕಟ್ಟಿಕೊಂಡು ಹೊರಟರೆ ಸಾಕು, ಒಂದಲ್ಲ ಒಂದು ಫಜೀತಿ ದಾರಿ ಕಾಯುತ್ತಿರುತ್ತದೆ. ಇಷ್ಟು ವರ್ಷದಲ್ಲಿ ಲೈಟು ಕೆಟ್ಟದ್ದು ಕಡಿಮೆ, ನನ್ನ ತಲೆ ಕೆಟ್ಟದ್ದೇ ಹೆಚ್ಚು. ಹೋದಲ್ಲೆಲ್ಲ ನಾನು ಹೇಳಿಕೊಡುವ ಪಾಠ ಒಂದೇ: "ಪ್ಲೇಟಿಗೆ ಬಿಸಿಲು ಬೇಕ್ರಿ." ಎಲ್ಲರೂ ತಲೆಯಾಡಿಸುತ್ತಾರೆ. ಆಮೇಲೆ ಫೋನ್ ಬರುತ್ತದೆ.

ಈಗ ನಗುನಗುತ್ತ ಬರೆಯುತ್ತಿದ್ದೇನೆ, ಆಗ ನಗು ಬರುತ್ತಿರಲಿಲ್ಲ. ಲೈಟು ಕೊಟ್ಟ ಸಂಸ್ಥೆಯವರು ಒಂದು ಕರಾರು ಹಾಕಿದ್ದರು. ವರ್ಷದೊಳಗೆ ಅವರ ಕಡೆಯವರೊಬ್ಬರು ಹೇಳದೆ ಕೇಳದೆ ಬಂದು ನೋಡುತ್ತಾರೆ. ಲೈಟು ಬಳಸದೆ ಬಿದ್ದಿದ್ದರೆ ಬಿಚ್ಚಿಸಿ ಬೇರೆ ಜಿಲ್ಲೆಗೆ ಕೊಡುತ್ತಾರೆ. ಬಿಚ್ಚಬೇಕಾದವನು ನಾನೇ. ಸಂಡೂರಿನ ಗುಡ್ಡದ ಮೇಲೆ ಹದಿನಾಲ್ಕು ಮನೆಗಳ ಒಂದು ಹಟ್ಟಿ ಇದೆ. ಅಲ್ಲಿಯವರು ಚಿಮಣಿ ಬುಡ್ಡಿ ಆರಿಸಿ, ತಟ್ಟೆಯಲ್ಲಿ ಏನಿದೆ ಅಂತ ನೋಡಿಕೊಂಡು ಉಂಡದ್ದು ನಾನು ಹಾಕಿದ ಲೈಟಿನಲ್ಲಿ. ಅವನ್ನು ನನ್ನ ಕೈಯಾರೆ ಬಿಚ್ಚುವ ದಿನ ಬಂದರೆ ಹೇಗೆ ಎಂಬ ಹೆದರಿಕೆ ವರ್ಷವಿಡೀ ಬಿಡಲಿಲ್ಲ. ಹಾಗಾಗಿ "ಲೈಟ್ ಬರವಲ್ದು" ಎಂದು ಯಾರು ಫೋನ್ ಮಾಡಿದರೂ ಕೂಡಲೇ ಬೈಕ್ ಹತ್ತುತ್ತಿದ್ದೆ.

ಬಾಳೆ ತೋಟದ ಕಾವಲುಗಾರ

ಹಂಪಿ ಕಡೆ ಬಾಳೆ ತೋಟವೊಂದರ ಕಾವಲುಗಾರನ ಗುಡಿಸಲಿಗೆ ಬೇಸಿಗೆಯಲ್ಲಿ ಲೈಟು ಹಾಕಿದ್ದೆ. ಆಗ ಬಾಳೆ ಸಸಿ ಮೊಣಕಾಲೆತ್ತರ ಇತ್ತು. ಕೆಲವು ತಿಂಗಳಾದ ಮೇಲೆ ಫೋನ್ ಬಂತು. ಹೋಗಿ ನೋಡಿದರೆ ಗುಡಿಸಲೇ ಕಾಣುತ್ತಿಲ್ಲ. ಬಾಳೆ ಆಳೆತ್ತರ ದಾಟಿ ಬೆಳೆದು ಪ್ಲೇಟಿನ ಮೇಲೆ ಎಲೆ ಹಾಸಿಬಿಟ್ಟಿದೆ.

"ಬಿಸಿಲು ಬೀಳೂವಂಗ ಪ್ಲೇಟ್ ಜರುಗಿಸಬೇಕಿತ್ತಲ್ರಿ," ಎಂದೆ.

"ಜರುಗಿಸಬ್ಯಾಡ್ರಿ ಅಂತ ನೀವೇ ಹೇಳಿ ಹೋಗೀರಿ."

ಹೇಳಿದ್ದು ನಿಜ. "ಹಂಗಾದ್ರ ಈ ನಾಕು ಗಿಡಾನಾದ್ರೂ ಕಡೀರಿ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಸಮಾಧಾನದಿಂದ ಕೇಳಿದ: "ಸರ, ಲೈಟ್ ಹಾಕಿದ್ದು ಹಂದಿ ಬಂದು ಬಾಳಿ ಕೆಡವಬಾರ್ದು ಅಂತ. ಬಾಳಿ ನಾವ ಕೆಡವಿದ ಮ್ಯಾಲೆ ಲೈಟ್ ಯಾಕ್ರಿ?"

ಉದ್ದನೆಯ ಪೈಪು ತಂದು ಪ್ಲೇಟನ್ನು ಬಾಳೆಗಿಂತ ಮೇಲಕ್ಕೆ ಏರಿಸಿದೆ. ಲೈಟು ಬಂತು. ಅವನು ಮಾತ್ರ ಕತ್ತೆತ್ತಿ ನೋಡಿ, "ಇದನ್ನ ಅವತ್ತೇ ಮಾಡಬಹುದಿತ್ತಲ್ರಿ," ಎಂದ.

ನೆರಳಿನ ಗಿರಾಕಿ

ಕಂಪ್ಲಿ ಸುತ್ತ ಕುರಿ ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ತಿರುಗುವ ಕುರಿಗಾರರೊಬ್ಬರಿಗೆ ಕೈಲೈಟು, ಸಣ್ಣದೊಂದು ಪ್ಲೇಟು ಕೊಟ್ಟಿದ್ದೆ. ಮನೆಯೇ ಇಲ್ಲದವರು ಪ್ಲೇಟನ್ನು ಎಲ್ಲಿ ಕೂರಿಸಬೇಕು? ಸಾಮಾನು ಹೊರುವ ಕತ್ತೆಯ ಬೆನ್ನಿಗೆ ನಾನೇ ಕಟ್ಟಿಕೊಟ್ಟೆ. ನಡೆಯುತ್ತ ನಡೆಯುತ್ತ ಚಾರ್ಜ್ ಆಗುತ್ತದೆ, ಎಂಥಾ ಉಪಾಯ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೂ ಇದ್ದೆ.

ವಾರಕ್ಕೇ ಫೋನ್. ಹಿಂಡು ಹುಡುಕಿಕೊಂಡು ಬೈಕಿನಲ್ಲಿ ಅಲೆದು ಅಲೆದು, ನೆತ್ತಿ ಸುಡುವ ಹೊತ್ತಿಗೆ ಒಂದು ಬೇವಿನ ಮರದ ಹತ್ತಿರ ಸಿಕ್ಕರು. ಕತ್ತೆ ಪ್ಲೇಟು ಹೊತ್ತುಕೊಂಡು ಮರದ ನಡು ನೆರಳಿನಲ್ಲಿ ಕಣ್ಣು ಮುಚ್ಚಿ ನಿಂತಿತ್ತು.

"ದಿನಾ ಹಿಂಗೇನ್ರಿ?"

"ಬಿಸಿಲು ಏರಿತಂದ್ರ ನೆರಳು ಬಿಟ್ಟು ಅಲುಗಾಡಂಗಿಲ್ರಿ."

ನನಗೆ ಸಿಟ್ಟು ಬಂತು. ಬಿಸಿಲಿನಲ್ಲಿ ನಿಲ್ಲಿಸಬೇಕು, ಎಳೆದಾದರೂ ನಿಲ್ಲಿಸಬೇಕು ಎಂದು ಉದ್ದಕ್ಕೆ ಭಾಷಣ ಮಾಡಿದೆ. ಅವರು ಬಿಸಿಲಿನಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಕೊನೆಗೆ, "ಆತ್ರಿ. ಮೊದ್ಲು ನೀವು ಈಚಿಗೆ ಬರ್ರಿ, ನಿಮ್ಮನ್ನ ನೋಡಿ ಅದೂ ಬಂದೀತು," ಎಂದರು.

ಆಗ ನೋಡಿಕೊಂಡೆ. ಬಂದಾಗಿನಿಂದ ನಾನು ಕತ್ತೆಯ ಪಕ್ಕದಲ್ಲೇ, ಅದೇ ನೆರಳಿನಲ್ಲೇ ನಿಂತಿದ್ದೆ.

ಸುಣ್ಣ

ಗುಡ್ಡದ ಹಟ್ಟಿಯಲ್ಲಿ ಮೊದಲ ಲೈಟು ಹಾಕಿದ್ದು ಅಲ್ಲಿಯ ಹಿರಿಯಜ್ಜಿಯ ಅಡುಗೆಮನೆಗೆ. ಹಟ್ಟಿಗೆ ಆಕೆಯದೇ ಮಾತು. ಸ್ವಿಚ್ ಒತ್ತಿದೆ, ಬೆಳಕು ಬಂತು. ಆಕೆ ಸುತ್ತ ಒಮ್ಮೆ ಕಣ್ಣಾಡಿಸಿ, "ಆರಸು," ಎಂದಳು.

"ಯಾಕಬೇ?"

"ಗ್ವಾಡಿ ನೋಡು, ಹೆಂಗ ಮಸಿ ಹಿಡದೈತಿ. ಸೊಸಿ ಕಂಡ್ರ ಏನಂದಾಳು?"

"ಸೊಸಿ ದಿನಾ ಇಲ್ಲೇ ಅಡಿಗಿ ಮಾಡ್ತಾಳಲ್ಲ."

"ಇಷ್ಟ ದಿನ ಆಕಿಗೂ ಕಂಡಿದ್ದಿಲ್ಲ, ನನಗೂ ಕಂಡಿದ್ದಿಲ್ಲ. ಆರಸು."

ಲೈಟು ಬೇಡವೇ ಬೇಡ ಅಂದುಬಿಡುತ್ತಾಳೇನೋ ಎಂದು ಹೆದರಿಕೊಂಡೇ ಗುಡ್ಡ ಇಳಿದೆ. ಎಂಟು ದಿನ ಬಿಟ್ಟು ಹೋದರೆ ಗೋಡೆಗೆಲ್ಲ ಸುಣ್ಣ ಬಳಿದು, ಲೈಟು ಹಚ್ಚಿಕೊಂಡು ಕೂತಿದ್ದಾಳೆ. ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಆಕೆ ಹತ್ತಿರ ಕರೆದು ಮೆಲ್ಲಗೆ ಹೇಳಿದಳು: "ತಮ್ಮಾ, ಈ ಲೈಟ್ ಒಂಚೂರು ಎದುರು ಮನಿ ಕಡೆ ತಿರುವು. ಅವರು ಇನ್ನಾ ಸುಣ್ಣ ಹಚ್ಚಿಲ್ಲ."

ಲೈಟಿಗೆ ರಜಾ

ಆ ವರ್ಷ ಆಯುಧ ಪೂಜೆಯ ದಿನ ಬೆಳಿಗ್ಗೆ ಒಂದು ಫೋನ್. ಸಂಸ್ಥೆಯ ಮೇಡಂ ದಸರೆ ರಜೆಗೆ ಮನೆಯವರ ಜೊತೆ ಹಂಪಿಗೆ ಬಂದಿದ್ದರು. "ಹೇಗೂ ಇಷ್ಟು ದೂರ ಬಂದಿದ್ದೀನಿ, ಆ ಹಟ್ಟಿಯನ್ನೂ ನೋಡಿಬಿಡೋಣ. ಮುಂಚೆ ಯಾರಿಗೂ ಹೇಳಬೇಡಿ," ಎಂದರು. ಹೇಳೋಣವೆಂದರೂ ಗುಡ್ಡದ ಮೇಲೆ ನೆಟ್‌ವರ್ಕ್ ಎಲ್ಲಿದೆ?

ಸಂಜೆಯ ಹೊತ್ತಿಗೆ ಮೇಡಂ ಕಾರು, ಹಿಂದೆ ನನ್ನ ಬೈಕು ಹಟ್ಟಿ ತಲುಪಿದವು. ಚಾವಣಿ ನೋಡಿ ಬೈಕಿನ ಮೇಲೇ ಕೂತುಬಿಟ್ಟೆ. ಹದಿನಾಲ್ಕು ಪ್ಲೇಟಿಗೂ ಅಂಗೈ ಅಗಲದ ಮೂರು ಮೂರು ವಿಭೂತಿ ಪಟ್ಟೆ, ನಡುವೆ ಕುಂಕುಮ, ಮೇಲೆ ಚೆಂಡು ಹೂವಿನ ಸರ. ಬಿಸಿಲು ಒಳಗೆ ಹೋಗಲು ಬೊಟ್ಟಿನಷ್ಟೂ ಜಾಗ ಇಲ್ಲ. ಅಜ್ಜಿಯ ಮನೆಯೊಳಗೆ ಹೋದರೆ ಲೈಟುಗಳು ಮೊಳೆಯಿಂದ ಇಳಿದು, ಕುಡಗೋಲು, ಕೊಡಲಿ, ಸಲಿಕೆಗಳ ಸಾಲಿನಲ್ಲಿ ಕುಂಕುಮ ಹಚ್ಚಿಕೊಂಡು ಕೂತಿವೆ.

ಮೇಡಂ ಒಂದರ ಸ್ವಿಚ್ಚಿಗೆ ಕೈ ಹಾಕಿದರು. ಅಜ್ಜಿ ಕೈ ಹಿಡಿದಳು. "ಮುಟ್ಟಬ್ಯಾಡವ್ವ. ಇವತ್ತು ಅದಕ್ಕ ರಜಾ."

"ನಿನ್ನೆ ಉರಿದಿತ್ತಾ ಅಜ್ಜಿ?"

"ನಿನ್ನೀನೂ ಉರದೈತಿ, ನಾಳಿನೂ ಉರಿತೈತಿ. ಇವತ್ತ ಅದರ ಹಬ್ಬ."

ಹದಿನಾಲ್ಕು ಮನೆ ಸುತ್ತಿದೆವು. ಹದಿನಾಲ್ಕರಲ್ಲೂ ಇದೇ ಉತ್ತರ, ಒಂದು ಲೈಟೂ ಉರಿಯಲಿಲ್ಲ. ಕತ್ತಲಾಗುತ್ತ ಬಂತು. ಮೇಡಂ ಅಜ್ಜಿಯ ಬಾಗಿಲಿಗೆ ವಾಪಸ್ ಬಂದು, ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಫೈಲ್ ತೆರೆದು ಪೆನ್ನು ತೆಗೆದರು. ಸ್ಕ್ರೂಡ್ರೈವರ್ ಚೀಲ ಬೈಕಿನಲ್ಲೇ ಇತ್ತು. ನಾಳೆ ಯಾವ ಮನೆಯಿಂದ ಬಿಚ್ಚಲು ಶುರು ಮಾಡಲಿ ಎಂದು ಯೋಚಿಸುವಷ್ಟು ದೂರ ಹೋಗಿಬಿಟ್ಟಿದ್ದೆ.

"ಅಜ್ಜಿ, ನಿಜ ಹೇಳಿ. ದಿನಾ ಉಪಯೋಗಿಸ್ತೀರಾ?"

ಅಜ್ಜಿಗೆ ಸಿಟ್ಟು ಬಂತು. ಮೂಲೆಗೆ ಕೈ ತೋರಿಸಿದಳು. ಹಿಂದೆ ಯಾರೋ ಪುಣ್ಯಾತ್ಮರು ಹಂಚಿ ಹೋದ ಹೊಗೆಯಿಲ್ಲದ ಒಲೆ ಅಲ್ಲಿತ್ತು. ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು.

"ಅದಕ್ಕ ವಿಭೂತಿ ಹಚ್ಚೀನೇನು ನೋಡು. ಒಂದು ಹೂವಾರ ಏರಿಸೀನೇನು? ದುಡಿಯೋ ಸಾಮಾನಿಗೆ ಅಷ್ಟ ಪೂಜಿ."

ಮೇಡಂ ಒಲೆ ನೋಡಿದರು, ಕೋಳಿ ನೋಡಿದರು, ಕುಂಕುಮ ಹಚ್ಚಿಕೊಂಡು ಕೂತ ಲೈಟು ನೋಡಿದರು. ನಗುತ್ತ ನಗುತ್ತ ಬರೆಯತೊಡಗಿದರು. "ದಿನವೂ ಬಳಕೆಯಲ್ಲಿದೆ. ತೆಗೆಯುವ ಮಾತೇ ಇಲ್ಲ," ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದರು. ನಾನು ಅಲ್ಲೇ ಗೋಡೆಗೊರಗಿದೆ. ಹೊಸ ಅಂಗಿಗೆ ಸುಣ್ಣವಾದದ್ದೂ ಗೊತ್ತಾಗಲಿಲ್ಲ. ವರ್ಷದ ಭಾರ ಇಳಿದಿತ್ತು.

ಅಜ್ಜಿ ವಿಭೂತಿ ತಟ್ಟೆ ತಂದಳು. ಮೇಡಂ ಹಣೆಗೆ ಹಚ್ಚಿದಳು, ಅವರ ಪೆನ್ನಿಗೂ ಹಚ್ಚಿದಳು. ಕಾರಿಗಾಯಿತು, ಡ್ರೈವರನಿಗಾಯಿತು. ನನ್ನ ಸರದಿ ಬಂತೆಂದು ಕಣ್ಣು ಮುಚ್ಚಿ ತಲೆ ಬಗ್ಗಿಸಿ ನಿಂತೆ. ಏನೂ ತಾಗಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ತಟ್ಟೆ ಹಿಂದಕ್ಕೆ ಹಿಡಿದುಕೊಂಡಿದ್ದಾಳೆ.

"ಮೂರನೇ ಮನಿ ಲೈಟು ಎಂಟು ದಿನದಿಂದ ಮಿಣಕ್ ಮಿಣಕ್ ಅಂತೈತಿ. ಹೇಳಿ ಕಳಿಸಿದ್ರೂ ಬರಲಿಲ್ಲ ನೀನು. ನಾಳಿ ಬಂದು ಅದನ್ನ ಸರಿ ಮಾಡು, ಆಮ್ಯಾಲೆ ಹಚ್ತೀನಿ," ಎಂದವಳೇ ಮೂಲೆ ಕಡೆ ಗದ್ದ ತಿರುಗಿಸಿದಳು. "ಅಲ್ಲೀಮಟ ಆ ಒಲಿ ಬಾಜೂಕ ಹೋಗಿ ಕುಂದ್ರು."