ಮಾವನವರ ಕಾರಿನ ಮೀಟರ್ ಮುಳ್ಳು

ವೈದ್ಯರ ಮುಂದೆ ಕುಳಿತಾಗ ನಾನು ಎಲ್ಲವನ್ನೂ ಹೇಳುವ ಮನುಷ್ಯ. ಹೊಟ್ಟೆನೋವು ಯಾವ ಗಳಿಗೆಗೆ ಶುರುವಾಯಿತು, ಎಡಮಗ್ಗುಲಿಗೆ ಮಲಗಿದರೆ ಹೇಗಿರುತ್ತದೆ, ನಮ್ಮಜ್ಜನಿಗೆ ಎಂಥ ಕೆಮ್ಮು ಇತ್ತು, ಎಲ್ಲವನ್ನೂ ಕೇಳದಿದ್ದರೂ ಹೇಳುತ್ತೇನೆ. ಬಿಡುವುದು ಒಂದನ್ನು ಮಾತ್ರ. ಹಿಂದಿನ ದಿನ ಯಾರದೋ ಮನೆಯಲ್ಲಿ ಒಂಬತ್ತು ಹೋಳಿಗೆ ತಿಂದದ್ದನ್ನು. ಪಾಪ, ಆ ವೈದ್ಯರು ನಾಲಿಗೆ ನೋಡಿ, ಕಣ್ಣು ನೋಡಿ, ನಮ್ಮಜ್ಜನ ಕೆಮ್ಮಿನ ಬಗ್ಗೆಯೂ ಯೋಚಿಸಿ ಏನೋ ಒಂದು ಬರೆದುಕೊಡುತ್ತಾರೆ. ನನ್ನ ಹೆಂಡತಿ ಸುಮಿತ್ರಾ ಮಾತ್ರ ಬಾಗಿಲಲ್ಲೇ ಹೇಳಿಬಿಡುತ್ತಾಳೆ: "ನಿಮ್ಮ ಬ್ಯಾನಿ ಹಿಡಿಯೂದು ಭಾಳ ಸರಳ ಐತ್ರಿ. ನೀವು ಯಾವುದರ ಬಗ್ಗೆ ಸುಮ್ಮನ ಇರತೀರಲ್ಲ, ಅಲ್ಲೇ ಇರತೈತಿ." ಈ ಸ್ವಭಾವ ನನ್ನ ಹೊಟ್ಟೆಯೊಂದಕ್ಕೇ ತೊಂದರೆ ಕೊಟ್ಟಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅದು ನನ್ನ ಮಾವನವರ ಕಣ್ಣನ್ನೂ ಕಾಲನ್ನೂ ಒಂದೇ ಬಾರಿಗೆ ಕಸಿದುಕೊಳ್ಳುವುದರಲ್ಲಿತ್ತು.

ಮಾವ ಅಪ್ಪಾಸಾಹೇಬರದು ಕಾಗವಾಡ. ದ್ರಾಕ್ಷಿ ಚಪ್ಪರದ ತಂತಿ ಬಿಗಿಯುವಾಗ ಏಣಿಯಿಂದ ಬಿದ್ದವರ ಎಡ ಮೊಣಕಾಲು ಅಂದಿನಿಂದ ಮಡಚುವುದನ್ನು ಮರೆತಿತ್ತು. ಅದುವರೆಗೆ ಜೀಪು ಓಡಿಸುತ್ತಿದ್ದರು. ಇನ್ನು ಕ್ಲಚ್ ಒತ್ತುವವರು ಯಾರು? ಇನ್ನೊಬ್ಬರು ಓಡಿಸುವ ಗಾಡಿಯಲ್ಲಿ ಕೂರುವುದೆಂದರೆ ಅವರಿಗೆ ಇನ್ನೊಬ್ಬರ ಕೈಯಿಂದ ಉಣ್ಣಿಸಿಕೊಂಡಂತೆ. ಮೂರು ತಿಂಗಳು ಪಡಸಾಲೆಯಲ್ಲಿ ಕುಳಿತು ಎಲ್ಲರ ಮೇಲೂ ರೇಗಿದರು. ಆಮೇಲೆ ಮುಂಬಯಿಯ ಸ್ನೇಹಿತರೊಬ್ಬರು ಜಪಾನಿನ ಒಂದು ಹಳೆಯ ಕಾರು ಕೊಡಿಸಿದರು. ಕ್ಲಚ್ಚೇ ಇಲ್ಲದ ಕಾರು. ವೇಗ ಹೆಚ್ಚಿದಂತೆ ಗೇರು ತಾನಾಗಿಯೇ ಬೀಳುತ್ತದೆ. ಎಡಗಾಲು ಸುಮ್ಮನೆ ಚಾಚಿಕೊಂಡಿದ್ದರಾಯಿತು. ಆ ಕಾರು ಬಂದ ದಿನ ಮಾವನವರು ಒಬ್ಬರೇ ತೋಟಕ್ಕೆ ಹೋಗಿ ಬಂದರು. ಬಂದವರು ಎರಡು ಬಾರಿ ಉಂಡರಂತೆ.

ಎರಡು ವರ್ಷದ ನಂತರ ಅವರ ಕಣ್ಣಿಗೆ ಪೊರೆ ಬಂತು. ಮಿರಜದಲ್ಲಿ ಆಪರೇಶನ್, ಒಂದು ತಿಂಗಳು ಸ್ಟೇರಿಂಗ್ ಮುಟ್ಟಬಾರದು. ಕಾರನ್ನು ಚಿಕ್ಕೋಡಿಗೆ, ಅಂದರೆ ನಮ್ಮ ಮನೆಗೆ ಒಯ್ಯಲು ನನ್ನನ್ನು ಕರೆಸಿ ಕೀಲಿ ಕೊಟ್ಟರು. "ಬ್ಯಾಟ್ರಿ ಇಳೀಬಾರ್ದು ನೋಡ್ರಿ ಮಾಸ್ತರ್. ದಿನಾ ಒಂದ ಸುತ್ತ ಹಾಕ್ರಿ. ಹೆಚ್ಚಿಗಿ ಬ್ಯಾಡ" ಎಂದರು. ಹೇಳುತ್ತ ಮೀಟರಿನಲ್ಲಿದ್ದ ಅಂಕಿಯನ್ನು ಒಮ್ಮೆ ಗಟ್ಟಿಯಾಗಿ ಓದಿದರು. ಅವರು ಓದಿದ್ದು ಬಹುಶಃ ತಮ್ಮ ಮಬ್ಬು ಕಣ್ಣಿನ ಪರೀಕ್ಷೆಗೆ. ನಾನು ಅದನ್ನು ನನಗಿಟ್ಟ ಕಾವಲು ಎಂದುಕೊಂಡೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಕಾರು ಓಡಿಸಲು ಬರುತ್ತಿದ್ದರೂ ಅದುವರೆಗೆ ನನ್ನ ಹೆಸರಿನಲ್ಲಿದ್ದ ವಾಹನ ಒಂದು ಸೈಕಲ್ಲು, ಅದರ ಹಿಂದಿನ ಚಕ್ರವೂ ಸ್ವಲ್ಪ ಸೊಟ್ಟ. ಇಂಥವನ ಕೈಗೆ ಜಪಾನಿನ ಬಿಳಿ ಕಾರು ಕೊಟ್ಟು ದಿನಕ್ಕೆ ಒಂದು ಸುತ್ತು ಎಂದರೆ ಅದು ಆಗುವ ಮಾತೇ? ಮೊದಲ ವಾರದಲ್ಲೇ ಹೆಡ್‌ಮಾಸ್ತರರನ್ನು ರಾಯಬಾಗಕ್ಕೆ ಕರೆದುಕೊಂಡು ಹೋದೆ, ಅವರಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ನಿಪ್ಪಾಣಿಗೆ ಎರಡು ಸಲ ಹೋಗಿ ಚಹಾ ಕುಡಿದು ಬಂದೆ. ಭೋಜದಲ್ಲಿರುವ ಮಾವನವರ ಬೀಗರ ಮನೆಗೆ ಹೋಗಿ, ಕಾರು ಅಂಗಳದ ತುಂಬ ಕಾಣುವ ಹಾಗೆ ನಿಲ್ಲಿಸಿ, ಹೋಳಿಗೆ ಊಟ ಮಾಡಿದೆ. ವಾರ ಕಳೆದು ಮೀಟರ್ ನೋಡಿದೆ. ತಿಂಗಳಿಡೀ ಓಡಬೇಕಾದಷ್ಟು ಆಗಲೇ ಓಡಿಯಾಗಿತ್ತು.

ಉಪಾಯ ಹೊಳೆದದ್ದು ಆಗ. ಮಿಕ್ಕ ಮೂರು ವಾರ ಮೀಟರೇ ಓಡದಿದ್ದರೆ ಎಲ್ಲವೂ ಸರಿಹೋಗುತ್ತದೆ. ಹೊಸ ಉಪಾಯವೇನಲ್ಲ, ನಮ್ಮ ಕಡೆ ಬಾಡಿಗೆ ಜೀಪಿನವರು ಗಾಡಿ ಮಾರುವ ಮೊದಲು ಮೀಟರಿನ ಕೇಬಲ್ಲು ಬಿಚ್ಚಿಟ್ಟುಕೊಂಡು ಓಡಾಡುವುದು ಎಲ್ಲರಿಗೂ ಗೊತ್ತು. ಗುರುತಿನವರು ಬೇಡವೆಂದು ಏಕಸಂಬಿಯ ಒಬ್ಬ ವಾಯರ್‌ಮನ್ ಹತ್ತಿರ ಹೋದೆ. ಅವನು ಕಾರಿನ ಕೆಳಗೆ ತೂರಿ ಬಹಳ ಹೊತ್ತು ಇದ್ದು, "ಇದಕ್ಕ ಕೇಬಲ್ ಇಲ್ರಿ, ಗೇರ್ ಬಾಕ್ಸಿನಿಂದ ವಾಯರ್ ಬಂದೈತಿ. ಕತ್ತರಸ್ಲಿ?" ಎಂದ. ಏನೂ ತೊಂದರೆಯಿಲ್ಲವೇ ಎಂದು ಕೇಳಿದೆ. "ಮೀಟರಿಗೂ ಗೇರಿಗೂ ಏನ ಸಂಬಂಧ್ರಿ" ಎಂದ. ವಿಜ್ಞಾನದ ಮಾಸ್ತರನಾದ ನಾನೂ ಹೌದಲ್ಲ ಎಂದೆ. ಕತ್ತರಿಸಿ, ಎರಡೂ ತುದಿಗೆ ಕಪ್ಪು ಟೇಪು ಸುತ್ತಿದ. ಅಲ್ಲಿಂದ ಮುಂದೆ ಮೀಟರಿನ ಮುಳ್ಳು ಸೊನ್ನೆಯ ಮೇಲೆಯೇ ಮಲಗಿತ್ತು, ಕಿಲೋಮೀಟರಿನ ಅಂಕಿಯೂ ಅಲುಗಲಿಲ್ಲ.

ಊರಿಗೆ ಮರಳುವಾಗ ಕಾರು ಹೊರಟಿತು, ಸ್ವಲ್ಪ ದೂರ ಓಡಿತು, ಆಮೇಲೆ ಎಷ್ಟು ಒತ್ತಿದರೂ ಮುಂದಿನ ಗೇರಿಗೆ ಹೋಗಲೊಲ್ಲದು. ಇಂಜಿನ್ನು ಗಿರಣಿಯ ಹಾಗೆ ಅರಚುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ತಂತಿ ಕತ್ತರಿಸಿದ ಮೇಲೇ ಹೀಗಾದದ್ದು ನನ್ನ ಗಮನಕ್ಕೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ಅದೇ ಕಾರಣವೆಂದು ಒಪ್ಪಿದರೆ ನಾನೇ ಕಾರಣವೆಂದು ಒಪ್ಪಬೇಕಾಗುತ್ತಿತ್ತು. ಅದಕ್ಕೆ ಮನಸ್ಸು ಪೆಟ್ರೋಲಿನ ಮೇಲೆ ಅನುಮಾನಪಟ್ಟಿತು, ಎಣ್ಣೆಯ ಮೇಲೆ ಪಟ್ಟಿತು, ಒಟ್ಟಾರೆ ಜಪಾನಿನ ಮೇಲೂ ಪಟ್ಟಿತು.

ಚಿಕ್ಕೋಡಿಯ ಮೆಕ್ಯಾನಿಕ್ ಗೇರಿನ ಎಣ್ಣೆ ಬದಲಿಸಿದ. ಗಾಡಿ ಮೊದಲಿನಷ್ಟೇ ಅರಚಿತು. ರಾಯಬಾಗದಿಂದ ಬಂದ ಟ್ರ್ಯಾಕ್ಟರ್ ಮೆಕ್ಯಾನಿಕ್ ಮುಖಕ್ಕೆ ಹೊಡೆದಂತೆ ಪ್ರಾಮಾಣಿಕನಾಗಿದ್ದ. "ಬಾಕ್ಸ್ ಬಿಚ್ಚತೀನ್ರಿ, ತಿರಗಿ ಕೂಡಸಾಕ ನನಗ ಬರೂದಿಲ್ಲ. ಮೊದಲ ಹೇಳೀನಿ, ಆಮ್ಯಾಲ ಅನಬ್ಯಾಡ್ರಿ" ಎಂದ. ಇಬ್ಬರೂ ಒಂದೇ ಮಾತು ಕೇಳಿದ್ದರು: "ಯಾರರ ಕೈ ಹಾಕ್ಯಾರೇನ್ರಿ ಇದಕ್ಕ?" ನಾನು ಇಬ್ಬರಿಗೂ ಕಾರಿನ ಚರಿತ್ರೆಯನ್ನೆಲ್ಲ ಹೇಳಿದೆ, ಮುಂಬಯಿಯಿಂದ ಬಂದದ್ದು, ಮಾವನವರ ಮೊಣಕಾಲು, ಎಲ್ಲ. ಕೈ ಯಾರೂ ಹಾಕಿಲ್ಲ ಎಂದೆ. ಅಷ್ಟರಲ್ಲಿ ತಿಂಗಳು ಮುಗಿಯಿತು.

ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು, ಹೊಸ ಧೋತರ ಉಟ್ಟು, ಮದುವೆಗೆ ಹೊರಟವರ ಕಳೆಯಲ್ಲಿ ಬಸ್ಸಿಳಿದು ಬಂದರು. ಚಹಾ ಸಹ ಕುಡಿಯದೆ ಕೀಲಿ ಕೇಳಿದರು. ನಾನು ಪಕ್ಕದಲ್ಲಿ ಕುಳಿತೆ. ಏನು ಹೇಳಲಿ, ಹೇಗೆ ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಕಾರು ರಸ್ತೆಗೆ ಬಂದಿತ್ತು, ಅರಚಲು ಶುರುಮಾಡಿತ್ತು. ಮಾವನವರು ಕಾಲು ಎತ್ತಿದರು, ಮತ್ತೆ ಒತ್ತಿದರು, ಮತ್ತೆ ಎತ್ತಿದರು. ಕನ್ನಡಕ ತೆಗೆದು ಮೀಟರಿನ ಹತ್ತಿರ ಮುಖ ಒಯ್ದರು.

"ಮಾಸ್ತರ್, ನೀವು ಹೊಡೀವಾಗ ಗಾಡಿ ಬರೋಬರ್ ಇತ್ತೇನ್ರಿ?"

ನನ್ನ ಬಾಯಿಂದ ಬಂದದ್ದು ಹೀಗೆ: "ಏನೂ ತ್ರಾಸ ಇರ್ಲಿಲ್ರಿ ಮಾವಾರ."

ಅವರು ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. "ಹಂಗಾರ ನನ್ನ ಬಲಗಾಲಿನ ಹದ ಹೋಗೇತಿ" ಎಂದರು. ಕನ್ನಡಕ ಮತ್ತೆ ಹಾಕಿಕೊಳ್ಳುತ್ತ, "ಮುಳ್ಳು ಅಲ್ಲಾಡೂದ ಕಾಣವಲ್ದು ನನಗ. ಡಾಕ್ಟರು ಎಲ್ಲಾ ಚಲೋ ಆಗೇತಿ ಅಂದಿದ್ರು. ಸುಳ್ಳ ಹೇಳ್ಯಾರ" ಎಂದರು. ಸುಳ್ಳು ಹೇಳಿದವನು ಅವರ ಪಕ್ಕದಲ್ಲೇ ಕೂತಿದ್ದ. ಅವರು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಅಥಣಿಯ ವ್ಯಾಪಾರಿಯೊಬ್ಬರು ಕಾರು ಕೇಳುತ್ತಿದ್ದಾರೆ, ಐತವಾರ ಬಂದು ಒಯ್ಯಲಿ ಎಂದು ಹೇಳಿ ಮರುಬಸ್ಸಿಗೆ ಕಾಗವಾಡಕ್ಕೆ ಹೋದರು. ಬಸ್ಸು ಹತ್ತುವಾಗ ಮಡಚದ ಕಾಲನ್ನು ಮೇಲಕ್ಕೆತ್ತಲು ಕಂಡಕ್ಟರು ಕೈಕೊಟ್ಟ. ಅವರು ಹಿಡಿದುಕೊಂಡರು. ಅವರು ಇನ್ನೊಬ್ಬರ ಕೈ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಆ ಸಂಜೆ ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. "ನೀವು ಭಾಳ ಸುಮ್ಮನ ಆಗೀರಿ" ಎಂದಳು. ಅಷ್ಟೇ ಎಂದಳು.

ಮರುದಿನ ಶನಿವಾರ, ಬೆಳಗಿನ ಶಾಲೆ ಮುಗಿದದ್ದೇ ತೆವಳುವ ಕಾರಿನಲ್ಲಿ ನಿಪ್ಪಾಣಿಯ ದಸ್ತಗೀರ ಮಿಸ್ತ್ರಿಯ ಹತ್ತಿರ ಹೋದೆ. ವಯಸ್ಸಾದ ಮನುಷ್ಯ, ಪರದೇಶದಲ್ಲಿ ಹತ್ತು ವರ್ಷ ಇಂಥ ಗಾಡಿಗಳ ಕೆಲಸ ಮಾಡಿ ಬಂದವರು. ನಾನು ಕಾರಿನ ಚರಿತ್ರೆ ಶುರುಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಅದೆಲ್ಲಾ ಇರ್ಲಿ ಸಾಹೇಬ್ರ. ಮೀಟರ್ ಓಡತೈತೇನ್ರಿ?"

"ಇಲ್ರಿ."

"ಹಂಗಾರ ಗೇರ್ ಹೆಂಗ ಬೀಳತೈತ್ರಿ?" ಎನ್ನುತ್ತ ಕೆಳಗೆ ಮಲಗಿಯೇ ಬಿಟ್ಟರು. ಅಲ್ಲಿಂದಲೇ ಪಾಠ ಕೇಳಿಸಿತು. ಗೇರ್ ಬಾಕ್ಸಿನ ಬಾಲಕ್ಕೆ ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರ್ ಇರುತ್ತದೆ. ಒಳಗಿನ ಗಾಲಿ ಎಷ್ಟು ಜೋರಾಗಿ ತಿರುಗುತ್ತಿದೆಯೆಂದು ಅದು ಸುದ್ದಿ ಕಳಿಸುತ್ತದೆ. ಆ ಸುದ್ದಿ ಮೀಟರಿಗೂ ಬೇಕು, ಗೇರು ಬದಲಿಸುವ ಪೆಟ್ಟಿಗೆಗೂ ಬೇಕು. "ಸುದ್ದಿ ಬರ್ಲಿಲ್ಲಂದ್ರ ಗಾಡಿ ತಾ ನಿಂತೇನಿ ಅಂತ ತಿಳಕೋತೈತ್ರಿ. ನಿಂತ ಗಾಡಿ ಗೇರ್ ಯಾಕ ಬದಲ್ ಮಾಡತೈತಿ?" ಸೆನ್ಸರ್ ಬಿಚ್ಚಿ ಒರೆಸಿ, ಟೆಸ್ಟರ್ ಹಚ್ಚಿ, ಚಕ್ರ ತಿರುಗಿಸಿ ನೋಡಿದರು, ಅದರಲ್ಲಿ ದೋಷವಿರಲಿಲ್ಲ. ಆಮೇಲೆ ತಂತಿಯ ಜಾಡು ಹಿಡಿದರು. ಕಪ್ಪು ಟೇಪಿನ ತುದಿ ಸಿಕ್ಕಿತು. "ಇದು ತಾನ ಹರದಿದ್ದಲ್ಲ, ಕತ್ತರಿಸಿದ್ದು. ಯಾ ಶಾಣ್ಯಾನ ಕೆಲಸ ಇದು?" ಎಂದರು. ಗೊತ್ತಿಲ್ಲ ಎಂದೆ. ಜೋಡಿಸಲು ಅವರಿಗೆ ಹಿಡಿದದ್ದು ಒಂದು ಬೀಡಿ ಸೇದುವಷ್ಟು ಸಮಯ. ಚಿಕ್ಕೋಡಿಯವರೆಗೆ ಗೇರುಗಳು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಿದ್ದವು. ಪ್ರತಿ ಗೇರಿಗೂ ನನಗೆ ಅಳು ಬಂತು, ಏಕೆಂದರೆ ಕಾರು ಸರಿಯಾದರೆ ಸಾಲದು, ಓಡಿಸುವವರು ಮತ್ತೆ ಸ್ಟೇರಿಂಗ್ ಮುಟ್ಟಬೇಕಿತ್ತು.

ಐತವಾರ ಬೆಳಿಗ್ಗೆ, ಅಥಣಿಯ ವ್ಯಾಪಾರಿ ಚಿಕ್ಕೋಡಿಗೆ ಬರುವ ಮೊದಲೇ ಕಾರು ತೆಗೆದುಕೊಂಡು ಕಾಗವಾಡ ಮುಟ್ಟಿದೆ. ಮಾವನವರು ಪಡಸಾಲೆಯಲ್ಲಿ ಕೂತಿದ್ದರು. ಒಮ್ಮೆ ಓಡಿಸಿ ನೋಡಿರಿ ಎಂದರೆ ತಲೆಯಲ್ಲಾಡಿಸಿದರು. "ಬ್ಯಾಡ್ರಿ. ಯಾರ ಮೈಮ್ಯಾಲರ ಹಾಕೀನಿ." ಬೇರೆ ದಾರಿ ಉಳಿಯಲಿಲ್ಲ.

"ಮಾವಾರ, ಅವತ್ತ ನಾ ಸುಳ್ಳ ಹೇಳಿದ್ನಿ. ಗಾಡಿ ನನಗೂ ಹಂಗ ಮಾಡತಿತ್ತು. ಮುಳ್ಳು ನಿಮಗ ಕಾಣಲಾರದ್ದಲ್ರಿ, ಅದು ಅಲ್ಲಾಡತಿದ್ದಿಲ್ಲ. ವಾಯರ್ ಹರದಿತ್ತು. ನಿಮ್ಮ ಕಾಲೂ ಚಲೋ ಐತಿ, ಕಣ್ಣೂ ಚಲೋ ಐತಿ."

ಅವರು ಕೋಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಹೆಂಗ ಹರೀತ್ರಿ ವಾಯರು?" ಎಂದರು.

ಇಷ್ಟು ದೂರ ಬಂದವನು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮನುಷ್ಯನಾಗುತ್ತಿದ್ದೆ. "ಇಲಿ ಕಡದಿತ್ರಿ" ಎಂದೆ.

ಮಾವನವರು ಕೋಲು ಊರಿ ಎದ್ದರು. ಕಾರು ದ್ರಾಕ್ಷಿ ತೋಟಗಳ ನಡುವಿನ ರಸ್ತೆಗೆ ಬಂತು. ಒಂದನೆಯದು, ಎರಡನೆಯದು, ಮೂರನೆಯದು, ಗೇರುಗಳು ತಾವಾಗಿಯೇ ಬಿದ್ದವು. ಮುಳ್ಳು ಮೇಲೇಳತೊಡಗಿತು. ಮಾವನವರು ಅದನ್ನು ಚಿಕ್ಕ ಮಕ್ಕಳು ಮಗ್ಗಿ ಹೇಳುವಂತೆ ಗಟ್ಟಿಯಾಗಿ ಓದಿದರು: "ಇಪ್ಪತ್ತು. ಮೂವತ್ತು. ನಲವತ್ತು." ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ತೋಟದ ತಿರುವಿನಲ್ಲಿ ಅವರು ನಿಧಾನ ಮಾಡಿ, ಈ ಬಾರಿ ಮುಳ್ಳಿನ ಕೆಳಗಿದ್ದ ಕಿಲೋಮೀಟರಿನ ಅಂಕಿ ಓದಿದರು. ಆಮೇಲೆ ರಸ್ತೆಯ ಮೇಲೆಯೇ ಕಣ್ಣಿಟ್ಟು ಹೇಳಿದರು: "ಭೋಜದ ಬೀಗರು ಮಿರಜಕ್ಕ ನನ್ನ ನೋಡಾಕ ಬಂದಿದ್ರು. ಆಪರೇಶನ್ ಆದ ಎರಡನೇ ವಾರದಾಗ."

ನಾನು ಹೊರಗಿನ ದ್ರಾಕ್ಷಿ ಚಪ್ಪರಗಳನ್ನು ಎಣಿಸತೊಡಗಿದೆ.

"ಆ ಇಲಿ ಅವರ ಮನ್ಯಾಗ ಒಂಬತ್ತು ಹೋಳಿಗಿ ತಿಂತಂತ. ನನಗ ಭಾಳ ಸಂತೋಷ ಆಗಿತ್ತು, ಗಾಡಿ ನಾಕ ಮಂದಿ ಮನಿಗೆ ಹೋಗಿ ಬಂತಲ್ಲ ಅಂತ." ಆಗ ಮಾತ್ರ ಅವರು ನನ್ನ ಕಡೆ ತಿರುಗಿದರು. "ನೀವು ಅಂದಿದ್ದು ಖರೇ ಐತಿ ಮಾಸ್ತರ್. ಕಣ್ಣ ಚಲೋ ಕಾಣಾಕತ್ತಾವು."

ಆ ಹೊತ್ತಿಗೆ ನನಗೆ ನಿಜವಾಗಿಯೂ ಹೊಟ್ಟೆನೋವು ಶುರುವಾಗಿತ್ತು. ಚಿಕ್ಕೋಡಿಗೆ ಬಂದು ವೈದ್ಯರ ಹತ್ತಿರ ಹೋದೆ. ಅವರು ಏನು ತಿಂದಿರಿ ಎಂದು ಕೇಳಿದರು. ನಾನು ನಮ್ಮಜ್ಜನ ಕೆಮ್ಮಿನಿಂದ ಶುರುಮಾಡಿದೆ.